ಸಿಕ್ಕಾಗದ ದಾರ: ಕೃಷ್ಣೆ–ಘಟಪ್ರಭೆಯ ದಡಕ್ಕೊಂದು 'ಡ್ರಾಪ್ ಶಾಟ್' ಗಾಳ

ಕರಾವಳಿಯವರಾದ ನಮಗೆ ಗಾಳ ಹೊಸತಲ್ಲ. ನೇತ್ರಾವತಿ, ಗುರುಪುರ ಹೊಳೆಗಳ ಬದಿಯ ಬ್ಯಾರಿ ಮನೆಗಳಲ್ಲಿ ಹುಡುಕಿದರೆ ತಂಗೂಸಿನ ಒಂದು ಸುರುಳಿ, ನಾಲ್ಕು ಕೊಕ್ಕೆ, ಒಂದಿಷ್ಟು ಸೀಸದ ಗುಂಡು ಎಲ್ಲಾದರೂ ಮೂಲೆಯಲ್ಲಿ ಸಿಗುತ್ತದೆ. ವ್ಯಾಪಾರ, ಕೆಲಸ, ಓದು ಅಂತ ಘಟ್ಟ ಹತ್ತಿ ಬಾಗಲಕೋಟೆ ಜಿಲ್ಲೆಯ ಕಡೆ ಹೋದವರಿಗೂ ರಜೆ ಸಿಕ್ಕಿದರೆ ನೀರಿನ ನೆನಪಾಗುವುದು ಸಹಜ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಈ ನಾಲ್ಕೂ ಕಡೆ ನೀರಿದೆ, ಮೀನೂ ಇದೆ. ಆದರೆ ಆ ನೀರಿನ ಸ್ವಭಾವ ನಮ್ಮ ಹೊಳೆಯದ್ದಲ್ಲ. ಅಲ್ಲಿಗೆ ಹೊಂದುವ ಒಂದು ಗಾಳದ ಕಟ್ಟು ಮತ್ತು ಅದರ ದಾರ ಸಿಕ್ಕಾಗದಂತೆ ನೋಡಿಕೊಳ್ಳುವ ಬಗೆಯನ್ನು ಈ ವಾರ ತಿಳಿಯೋಣ.

ಮೊದಲು ನೀರಿನ ವಿಷಯ. ರಬಕವಿ-ಬನಹಟ್ಟಿಯ ಬಳಿ ಕೃಷ್ಣೆಗೆ ಹಿಪ್ಪರಗಿ ಬ್ಯಾರೇಜ್ ಇದೆ. ಜಮಖಂಡಿ ಕಡೆ ಚಿಕ್ಕಪಡಸಲಗಿಯಲ್ಲಿ ಇನ್ನೊಂದಿದೆ. ಸರಕಾರಕ್ಕೆ ಕಾಯದೆ ರೈತರೇ ಹಣ, ಶ್ರಮ ಹಾಕಿ 1989ರಲ್ಲಿ ಕಟ್ಟಿದ ಬ್ಯಾರೇಜ್ ಅದು. ಮುಂದೆ ನಿಂತ ಸಿದ್ದು ನ್ಯಾಮಗೌಡರಿಗೆ 'ಬ್ಯಾರೇಜ್ ಸಿದ್ದು' ಅಂತಲೇ ಹೆಸರಾಯಿತು. ಮುಧೋಳದ ಪಕ್ಕದಲ್ಲಿ ಘಟಪ್ರಭಾ ಹರಿಯುತ್ತದೆ. ಬೀಳಗಿ ತಾಲೂಕಿಗೆ ಬಂದರೆ ಆಲಮಟ್ಟಿಯ ಹಿನ್ನೀರು. ಆಲಮಟ್ಟಿ ಅಣೆಕಟ್ಟೆಯ ಪೂರ್ಣ ಮಟ್ಟ 519.60 ಮೀಟರ್. ಮಳೆಗಾಲ ಮುಗಿಯುವಾಗ ತುಂಬುವ ಈ ನೀರು ಬೇಸಿಗೆಯಲ್ಲಿ ಬಹಳ ದೂರ ಹಿಂದೆ ಸರಿಯುತ್ತದೆ.

ಹಿನ್ನೀರು ಅಂದರೆ ಬರಿಯ ಮರಳಿನ ತಳವಲ್ಲ. ಅದು ಒಂದು ಕಾಲದ ಹೊಲ, ಬದು, ದಾರಿ, ಮನೆ. ನೀರಿನಡಿ ಜಾಲಿಯ ಬುಡಗಳಿವೆ, ಕಲ್ಲಿನ ಗೋಡೆಗಳಿವೆ. ನಾವು ಹೊಳೆಯಲ್ಲಿ ಹಾಕುವ ಹಾಗೆ ತುದಿಗೆ ಕೊಕ್ಕೆ, ಅದರ ಮೇಲೆ ಗುಂಡು ಕಟ್ಟಿ ಎಸೆದರೆ ಕೊಕ್ಕೆ ಹೋಗಿ ಕುಳಿತುಕೊಳ್ಳುವುದೇ ಆ ಬುಡಗಳ ಸಂದಿಯಲ್ಲಿ. ಎಳೆದರೆ ದಾರ ಕಡಿಯುತ್ತದೆ. ಕಡಿದ ದಾರ ನೀರಿನಲ್ಲೇ ಉಳಿಯುತ್ತದೆ.

ಇದಕ್ಕೆ ಪರಿಹಾರವೇ ಡ್ರಾಪ್ ಶಾಟ್. ಜಪಾನಿನಲ್ಲಿ ಬೆಳೆದ ಈ ಪದ್ಧತಿ 1990ರ ದಶಕದ ಕೊನೆಗೆ ಅಮೆರಿಕದ ಬಾಸ್ ಮೀನಿನ ಗಾಳಗಾರರಲ್ಲಿ ಹೆಸರು ಮಾಡಿತು. ಅಲ್ಲಿಯ ಬಾಸ್ ನಮ್ಮ ಅಳಿವೆಗಳಲ್ಲಿ ಸಿಗುವ ಸೀಬಾಸ್ ಅಲ್ಲ, ಸಿಹಿನೀರಿನ ಬೇರೆಯೇ ಜಾತಿ. ಆ ಬಾಸ್ ಕೃಷ್ಣೆಯಲ್ಲಿ ಇಲ್ಲ. ಆದರೆ ಕಟ್ಟಿನ ಯುಕ್ತಿಗೆ ಮೀನಿನ ಜಾತಿ ಮುಖ್ಯವಲ್ಲ. ಇಲ್ಲಿ ಎಲ್ಲ ತಲೆಕೆಳಗು: ತುದಿಗೆ ಗುಂಡು, ಅದರಿಂದ ಒಂದು-ಒಂದೂವರೆ ಅಡಿ ಮೇಲೆ ಕೊಕ್ಕೆ. ಗುಂಡು ತಳದಲ್ಲಿ ಕೂರುತ್ತದೆ, ಎರೆ ತಳದಿಂದ ಮೇಲೆ ನೀರಿನಲ್ಲಿ ತೂಗುತ್ತದೆ. ತಳದ ಬಳಿ ಮೇಯುವ ಜಿಲೇಬಿ, ಸಣ್ಣ ಬಾಳೆಮೀನಿನಂಥವುಗಳ ಕಣ್ಣಿಗೆ ಎರೆ ನೇರ ಬೀಳುತ್ತದೆ. ಹುಲ್ಲಿನ ನಡುವೆ, ಕಡಿಮೆ ಆಳದಲ್ಲಿ ಹೊಂಚುವ ಮುರಲ್ ಮೀನಿಗೆ ಮಾತ್ರ ಇದು ಅಷ್ಟು ಹೇಳಿಸಿದ್ದಲ್ಲ.

ಕಟ್ಟುವ ಕ್ರಮ ಹೀಗೆ. ಸುಮಾರು ಒಂದು ಮೀಟರ್ ಉದ್ದದ ತೆಳು ದಾರ ತೆಗೆದುಕೊಳ್ಳಿ. ಇದೇ ಲೀಡರ್. ಅದನ್ನು ಮಡಚಿ ಜೋಡಿ ಎಳೆ ಮಾಡಿ ಕೊಕ್ಕೆಯ ಕಣ್ಣಿಗೆ ತೂರಿಸಿ, ಜೋಡಿ ಎಳೆಯಿಂದಲೇ ಒಂದು ಸಾದಾ ಗಂಟು ಹಾಕಿ, ಬಿಗಿಯುವ ಮೊದಲು ಮಡಚಿದ ಕುಣಿಕೆಯೊಳಗಿಂದ ಇಡೀ ಕೊಕ್ಕೆಯನ್ನು ದಾಟಿಸಿ. ನೀರಿನಲ್ಲಿ ಒದ್ದೆ ಮಾಡಿ ನಿಧಾನ ಎಳೆದು ಬಿಗಿಯಿರಿ. ಒಣದಾರವನ್ನು ಜಗ್ಗಿದರೆ ಬಿಸಿಗೆ ಅದರ ಬಲವೇ ಹೋಗುತ್ತದೆ. ಇದಕ್ಕೆ ಪಾಲೊಮಾರ್ ಗಂಟು ಎನ್ನುತ್ತಾರೆ. ಗಂಟಿನ ಕೆಳಗೆ ಉಳಿಯುವ ತುದಿ ಒಂದೂವರೆ ಅಡಿಯಾದರೂ ಇರಬೇಕು.

ಈಗ ಹೆಚ್ಚಿನವರು ಬಿಟ್ಟುಬಿಡುವ ಹೆಜ್ಜೆ. ಕೊಕ್ಕೆಯ ಮೊನೆ ಮೇಲ್ಮುಖವಾಗಿ ಇರುವಂತೆ ಹಿಡಿದು, ಆ ಉಳಿದ ತುದಿಯನ್ನು ಮೊನೆಯಿರುವ ಬದಿಯಿಂದ ಇನ್ನೊಮ್ಮೆ ಕಣ್ಣಿನೊಳಗೆ ತೂರಿಸಿ ಕೆಳಗೆ ಎಳೆಯಿರಿ. ದಾರ ಬಿಗಿಯಾದಾಗ ಕೊಕ್ಕೆ ಗೋಡೆಗೆ ಹೊಡೆದ ಮೊಳೆಯ ಹಾಗೆ ಅಡ್ಡಕ್ಕೆ ನಿಲ್ಲುತ್ತದೆ. ಹಾಗೆ ನಿಲ್ಲದಿದ್ದರೆ ಕೊಕ್ಕೆ ದಾರಕ್ಕೇ ಒರಗಿ ಸುತ್ತಿಕೊಳ್ಳುತ್ತದೆ. ಲೀಡರ್ ಸಿಕ್ಕಾಗುವ ಮೊದಲ ಕಾರಣ ಇದೇ.

ಗುಂಡನ್ನು ತುದಿಗೆ ದೊಡ್ಡ ಗಂಟು ಹಾಕಿ ಬಿಗಿಯಬೇಡಿ, ಬರಿಯ ಒಂದು ಸಡಿಲ ಗಂಟು ಸಾಕು. ಕಲ್ಲಿನ ಸಂದಿಯಲ್ಲಿ ಗುಂಡು ಸಿಕ್ಕಿದರೆ ಅದೊಂದೇ ಜಾರಿ ಹೋಗಲಿ. ಕೊಕ್ಕೆ, ದಾರ, ಮೀನು ಮೂರೂ ನಮ್ಮ ಕೈಗೆ ಬರಲಿ.

ದಾರ ತಿರುಚುವುದು ಎರಡನೆಯ ಕಾರಣ. ರಬಕವಿ-ಬನಹಟ್ಟಿ ನೇಕಾರರ ಊರು. ಮಗ್ಗದ ಮನೆಯಲ್ಲಿ ನೂಲು ಎಳೆದ ಕೈಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ. ಅಲುಗದೆ ನಿಂತ ಕಂಡಿಕೆಯ ತುದಿಯಿಂದ ನೂಲು ಬಿಚ್ಚಿದರೆ ಸುತ್ತಿಗೊಂದು ತಿರುಚು ಬೀಳುತ್ತದೆ, ಕಂಡಿಕೆಯೇ ತಿರುಗಿ ನೂಲು ಬಿಟ್ಟರೆ ತಿರುಚಿಲ್ಲ. ಸ್ಪಿನ್ನಿಂಗ್ ರೀಲಿಗೂ ಇದೇ ಲೆಕ್ಕ. ಹೊಸ ದಾರ ತುಂಬುವಾಗ ಒಂದಿಷ್ಟು ಸುತ್ತಿ ನಿಲ್ಲಿಸಿ, ದಾರವನ್ನು ಸಡಿಲ ಬಿಟ್ಟು ನೋಡಿ. ಅದು ಸುರುಳಿಯಾಗಿ ಹೆಣೆದುಕೊಂಡರೆ ದಾರದ ಉಂಡೆಯನ್ನು ಮಗುಚಿ ಇಟ್ಟು ಮುಂದುವರಿಸಿ. ರೀಲಿನ ಅಂಚಿಗಿಂತ ಎರಡು-ಮೂರು ಮಿಲಿಮೀಟರ್ ಕೆಳಗೇ ನಿಲ್ಲಿಸಿ. ಕಂಠಪೂರ್ತಿ ತುಂಬಿದರೆ ಎಸೆದಾಗ ದಾರ ಮುದ್ದೆಯಾಗಿ ಹಾರಿಬರುತ್ತದೆ.

ಇನ್ನೊಂದು ಅಭ್ಯಾಸ ಬಿಡಬೇಕು. ಮೀನು ದಾರ ಎಳೆದುಕೊಂಡು ಓಡುತ್ತಿರುವಾಗ ಅವಸರದಲ್ಲಿ ಹಿಡಿಕೆ ತಿರುಗಿಸುವುದು. 5:1 ರೀಲಿನಲ್ಲಿ ಹಾಗೆ ಒಂದು ಸುತ್ತು ತಿರುಗಿಸಿದರೆ ದಾರ ಒಳಗೆ ಬರುವುದಿಲ್ಲ, ಬದಲಿಗೆ ಐದು ತಿರುಚು ಬೀಳುತ್ತದೆ. ಹತ್ತು ಸುತ್ತಿಗೆ ಐವತ್ತು. ಓಡುವ ಮೀನನ್ನು ಓಡಲು ಬಿಡಿ, ನಿಂತಾಗ ಸುತ್ತಿ.

ಎರೆಯೂ ದಾರ ತಿರುಚುತ್ತದೆ. ಎರೆಹುಳುವನ್ನು ಮುದ್ದೆಯಾಗಿ ಚುಚ್ಚಿದರೆ ಎಳೆಯುವಾಗ ಅದು ಫ್ಯಾನಿನ ಹಾಗೆ ಗರಗರ ತಿರುಗುತ್ತದೆ. ತಲೆಯ ಕಡೆ ಒಂದೇ ಕಡೆ ಚುಚ್ಚಿ, ಉಳಿದದ್ದು ನೇತಾಡಲಿ. ರೀಲಿನ ದಾರಕ್ಕೂ ಲೀಡರಿಗೂ ನಡುವೆ ಒಂದು ಸಣ್ಣ ಸ್ವಿವೆಲ್ ಹಾಕಿದರೆ ಉಳಿದ ತಿರುಚು ಅಲ್ಲೇ ಬಿಚ್ಚಿಕೊಳ್ಳುತ್ತದೆ. ಎರಡು ಕೊಕ್ಕೆ ಕಟ್ಟುವ ಆಸೆ ಕೈ ಪಳಗಿದ ಮೇಲೆ ಇರಲಿ, ಆಗಲೂ ಎರಡರ ನಡುವೆ ಒಂದೂವರೆ ಅಡಿ ಅಂತರ ಬೇಕು.

ಮೂರನೆಯದು ಎಸೆತ. ಗುಂಡು ತೀರಾ ಹಗುರವಾದರೆ ಗಾಳಿಯಲ್ಲಿ ಕೊಕ್ಕೆ ಮುಂದೆ, ಗುಂಡು ಹಿಂದೆ ಆಗಿ ಎರಡೂ ಹೆಣೆದುಕೊಳ್ಳುತ್ತವೆ. ಬಯಲುಸೀಮೆಯ ಗಾಳಿಗೆ ಸ್ವಲ್ಪ ತೂಕವೇ ಇರಲಿ. ಜೋರಾಗಿ ಬೀಸದೆ ಬದಿಯಿಂದ ತೂಗಿ ಬಿಡಿ. ಗುಂಡು ನೀರಿಗೆ ಬೀಳುವ ಮುಂಚೆ ಬೆರಳಿನಿಂದ ದಾರವನ್ನು ಮೆಲ್ಲ ತಡೆಯಿರಿ, ಲೀಡರ್ ನೇರವಾಗಿ ಚಾಚಿಕೊಂಡು ಬೀಳುತ್ತದೆ. ಆಮೇಲೆ ದಾರ ಬಿಗಿ ಮಾಡಿ ತುದಿ ಕೋಲನ್ನು ಸ್ವಲ್ಪವೇ ನಡುಗಿಸಿದರೆ ಸಾಕು. ಗುಂಡು ಕೂತಲ್ಲೇ ಇರಬೇಕು, ಎರೆ ಮಾತ್ರ ಕುಣಿಯಬೇಕು.

ಕಟ್ಟಿದ ಲೀಡರುಗಳನ್ನು ಜೇಬಿಗೆ ತುರುಕಬೇಡಿ. ಸವೆದ ರಬ್ಬರ್ ಚಪ್ಪಲಿಯ ಅಟ್ಟೆಯನ್ನು ತುಂಡು ಮಾಡಿ, ಅದಕ್ಕೆ ಸುತ್ತಿ, ಕೊಕ್ಕೆಯ ಮೊನೆಯನ್ನು ರಬ್ಬರಿಗೇ ಚುಚ್ಚಿಡಿ. ಸಿಕ್ಕೂ ಇಲ್ಲ, ಮಕ್ಕಳ ಕೈಗೆ ಚುಚ್ಚುವ ಭಯವೂ ಇಲ್ಲ. ಬಹಳ ತಿರುಚಿದ ದಾರಕ್ಕೆ ಮದ್ದು ಹರಿವ ನೀರು. ಕೊಕ್ಕೆ, ಗುಂಡು ಎಲ್ಲ ತೆಗೆದು ಬರಿಯ ದಾರವನ್ನು ಹರಿವಿನ ಜೊತೆ ಬಿಟ್ಟು, ಸ್ವಲ್ಪ ಹೊತ್ತಾದ ಮೇಲೆ ಬಟ್ಟೆಯಲ್ಲಿ ಹಿಡಿದು ಸುತ್ತಿಕೊಳ್ಳಿ.

ಅಷ್ಟಾದರೂ ಬಿಡಿಸಲಾಗದ ಸಿಕ್ಕು ಬಂದೇ ಬರುತ್ತದೆ. ಅದನ್ನು ಕತ್ತರಿಸಿ ದಡದಲ್ಲಿ ಎಸೆದು ಬರುವುದು ಮಾತ್ರ ಬೇಡ. ನೈಲಾನ್ ಕೊಳೆಯುವುದಿಲ್ಲ. ನೀರಹಕ್ಕಿಗಳ ಕಾಲಿಗೆ, ದಡಕ್ಕೆ ಬರುವ ದನಕರುಗಳ ಬಾಯಿಗೆ, ಅಲ್ಲಿಯ ಮೀನುಗಾರರ ಬಲೆಗೆ ಅದೇ ಉರುಳು. ಆ ನೀರನ್ನೇ ನಂಬಿ ಬದುಕುವವರ ಬಲೆ ಹರಿದರೆ ಒಂದು ಮನೆಯ ದಿನದ ಗಂಜಿ ಹೋದಂತೆ. ಚೂರುಗಳನ್ನು ಡಬ್ಬಿಯಲ್ಲಿ ತುಂಬಿ ಮನೆಗೆ ತನ್ನಿ.

ಕೊನೆಗೆ, ದಾರಕ್ಕಿಂತ ದೊಡ್ಡದು ಜೀವ. ನಮ್ಮ ಕಡೆ ಹೊಳೆ ಏರುವುದು ನಮ್ಮ ಕಣ್ಣಮುಂದಿನ ಮಳೆಗೆ. ಅಲ್ಲಿ ಹಾಗಲ್ಲ. ತಲೆಯ ಮೇಲೆ ಬಿಸಿಲಿದ್ದರೂ ಮಹಾರಾಷ್ಟ್ರದ ಕೊಯ್ನಾದಿಂದ ಬಿಟ್ಟ ನೀರು ಕೃಷ್ಣೆಯನ್ನು, ಹಿಡಕಲ್‌ನಿಂದ ಬಿಟ್ಟ ನೀರು ಘಟಪ್ರಭೆಯನ್ನು ಏರಿಸುತ್ತದೆ. 2019ರ ಆಗಸ್ಟ್‌ನ ಪ್ರವಾಹವನ್ನು ಆ ಊರಿನವರು ಮರೆತಿಲ್ಲ. ಬ್ಯಾರೇಜಿನ ಗೇಟುಗಳ ಹತ್ತಿರ ಕೂರಲೇಬಾರದು. ಕೃಷ್ಣೆಯಲ್ಲಿ ಮೊಸಳೆಗಳಿವೆ. ಸೊಂಟದ ನೀರಿಗೆ ಇಳಿದು ಎಸೆಯುವ ನಮ್ಮ ರೂಢಿ ಅಲ್ಲಿ ನಡೆಯದು, ಸಿಕ್ಕಿದ ಗುಂಡು ಬಿಡಿಸಲು ಇಳಿಯುವುದಂತೂ ಬೇಡವೇ ಬೇಡ. ಕಾರ್ಬನ್ ಕೋಲು ವಿದ್ಯುತ್ ಹರಿಸುತ್ತದೆ, ಪಂಪ್‌ಸೆಟ್ಟಿನ ತಂತಿಗಳ ಕೆಳಗೆ ಅದನ್ನು ಎತ್ತಬೇಡಿ.

ನದಿ, ಹಿನ್ನೀರುಗಳಲ್ಲಿ ಮೀನು ಹಿಡಿಯುವ ಹಕ್ಕು ಮೀನುಗಾರಿಕೆ ಇಲಾಖೆಯ ಪರವಾನಗಿ, ಗುತ್ತಿಗೆಗಳಿಗೆ ಒಳಪಟ್ಟದ್ದು. ಮೊದಲು ತಾಲೂಕಿನ ಇಲಾಖೆ ಕಚೇರಿಯಲ್ಲಿ ಕೇಳಿ, ದಡದ ಮೀನುಗಾರರಿಗೂ ಒಂದು ಮಾತು ಹೇಳಿ ಕುಳಿತುಕೊಳ್ಳಿ. ಎಲ್ಲಿ ಗೋಡೆಯಿದೆ, ಎಲ್ಲಿ ಗುಂಡಿಯಿದೆ, ಯಾವಾಗ ನೀರು ಬಿಡುತ್ತಾರೆ ಎಂಬುದು ಅವರಿಗೆ ಗೊತ್ತು. ಐದು ರೂಪಾಯಿಯ ಗುಂಡು ಹೋದರೆ ಹೋಗಲಿ. ಮೀನು ಸಿಗಲಿ, ಸಿಗದಿರಲಿ, ಹೋದ ಮಗ ಸಂಜೆಗೆ ಮನೆಗೆ ಬಂದರೆ ಉಮ್ಮನಿಗೆ ಅಷ್ಟೇ ಸಾಕು.