ಕಾಣಿಕೆ ತಟ್ಟೆಯ ಬಲದ ಮೇಲೆ ನಿಂತ ಚಳವಳಿ

ಅಮೆರಿಕದ ನಾಗರಿಕ ಹಕ್ಕುಗಳ ಚಳವಳಿ ಎಂದೊಡನೆ ಮಾರ್ಟಿನ್ ಲೂಥರ್ ಕಿಂಗ್ ಅವರ ಹೆಸರು ಮುಂದೆ ಬರುವುದು ಸಹಜವಾದರೂ, ಕಪ್ಪು ವರ್ಣೀಯರನ್ನು ಜೈಲಿಗೆ ಹೋಗುವಷ್ಟರ ಮಟ್ಟಿಗೆ ಸಜ್ಜುಗೊಳಿಸಿದವು ಊರೂರಿನ ಚರ್ಚುಗಳೆಂಬುದನ್ನು ಅಲಬಾಮಾ ರಾಜ್ಯದ ಉಕ್ಕಿನ ನಗರಿ ಬರ್ಮಿಂಗ್‌ಹ್ಯಾಮ್‌ನ ಇತಿಹಾಸ ತೋರಿಸುತ್ತದೆ.

ಕಪ್ಪು ವರ್ಣೀಯರ ಹಕ್ಕುಗಳಿಗಾಗಿ ನ್ಯಾಯಾಲಯಗಳಲ್ಲಿ ಹೋರಾಡುತ್ತಿದ್ದ ಎನ್‌ಎಎಸಿಪಿ ಎಂಬ ರಾಷ್ಟ್ರೀಯ ಸಂಸ್ಥೆಯ ಚಟುವಟಿಕೆಗಳಿಗೆ ಅಲಬಾಮಾದ ನ್ಯಾಯಾಲಯವೊಂದು 1956ರ ಜೂನ್ 1ರಂದು ತಡೆಯೊಡ್ಡಿತು. ಆಮೇಲೆ ನ್ಯಾಯಾಲಯ ಕೇಳಿದ ಸದಸ್ಯರ ಪಟ್ಟಿ ಬಿಳಿಯ ಅಧಿಕಾರಿಗಳ ಕೈಸೇರಿದರೆ ಪಟ್ಟಿಯಲ್ಲಿದ್ದವರ ಉದ್ಯೋಗಕ್ಕೂ ಪ್ರಾಣಕ್ಕೂ ಅಪಾಯವೆಂದು ಸಂಸ್ಥೆ ಅದನ್ನು ಒಪ್ಪಿಸಲು ನಿರಾಕರಿಸಿತು. ತಡೆ ಬಂದ ನಾಲ್ಕೇ ದಿನಗಳಲ್ಲಿ, ಬೆಥೆಲ್ ಬ್ಯಾಪ್ಟಿಸ್ಟ್ ಚರ್ಚಿನ ಪಾದ್ರಿ ಫ್ರೆಡ್ ಷಟಲ್ಸ್‌ವರ್ತ್ ಅವರ ನೇತೃತ್ವದಲ್ಲಿ, ಸಾರ್ಡಿಸ್ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಸೇರಿದ ಜನರು ‘ಮಾನವ ಹಕ್ಕುಗಳ ಅಲಬಾಮಾ ಕ್ರೈಸ್ತ ಚಳವಳಿ’ ಎಂಬ ಹೊಸ ಸಂಘಟನೆಯನ್ನು ಕಟ್ಟಿದರು. ಸಂಸ್ಥೆಯೊಂದರ ಬಾಗಿಲನ್ನು ಸರ್ಕಾರ ಮುಚ್ಚಿಸಬಹುದಿತ್ತೇ ಹೊರತು ಪ್ರಾರ್ಥನೆಗೆ ಸೇರುವವರನ್ನು ತಡೆಯುವುದು ಅಷ್ಟು ಸುಲಭವಾಗಿರಲಿಲ್ಲ.

ಚರ್ಚೇ ಹೋರಾಟದ ನೆಲೆಯಾದುದರ ಹಿಂದೆ ಭಕ್ತಿಯಷ್ಟೇ ಮುಖ್ಯವಾದ ಆರ್ಥಿಕ ಕಾರಣವೂ ಇತ್ತು. ಶಾಲೆಯ ಉಪಾಧ್ಯಾಯರನ್ನಾಗಲಿ ಮನೆಗೆಲಸದವರನ್ನಾಗಲಿ ಬಿಳಿಯ ಒಡೆಯರು ಒಂದೇ ಮಾತಿಗೆ ಕೆಲಸದಿಂದ ತೆಗೆಯಬಹುದಿತ್ತು. ಸಭಿಕರ ಕಾಣಿಕೆಯಿಂದಲೇ ಸಂಬಳ ಪಡೆಯುತ್ತಿದ್ದ ಪಾದ್ರಿಗೆ ಆ ಹೆದರಿಕೆ ಇರಲಿಲ್ಲ. ಪ್ರತಿ ಸೋಮವಾರ ರಾತ್ರಿ ಚರ್ಚುಗಳಲ್ಲಿ ನಡೆಯುತ್ತಿದ್ದ ಸಾಮೂಹಿಕ ಸಭೆಗಳಲ್ಲಿ ಪ್ರಾರ್ಥನೆ, ಗಾಯನ ಹಾಗೂ ಪ್ರವಚನಗಳ ಜೊತೆಗೇ ಮುಂದಿನ ಹೆಜ್ಜೆಯ ಚರ್ಚೆಯೂ ನಡೆದು, ಹೋರಾಟದ ಖರ್ಚಿಗೆ ಕಾಣಿಕೆ ತಟ್ಟೆಯೂ ಸುತ್ತುತ್ತಿತ್ತು. ಸಭೆಗಳಲ್ಲಿ ಕುಳಿತು ಪೊಲೀಸ್ ಪತ್ತೇದಾರರು ಬರೆದ ವರದಿಗಳೇ ಇಂದು ಇತಿಹಾಸಕಾರರಿಗೆ ಒದಗಿಬಂದಿರುವುದು ವಿಧಿಯ ವ್ಯಂಗ್ಯವೆನ್ನಬೇಕು.

1956ರ ಕ್ರಿಸ್‌ಮಸ್ ರಾತ್ರಿ ಷಟಲ್ಸ್‌ವರ್ತ್ ಅವರ ಮನೆಯನ್ನು ಡೈನಮೈಟ್ ಇಟ್ಟು ಸ್ಫೋಟಿಸಲಾಯಿತು. ಪಾರಾಗಿ ಬಂದ ಅವರು ಮರುದಿನವೇ ಅನುಯಾಯಿಗಳೊಡನೆ ಬಸ್ಸುಗಳನ್ನೇರಿ, ಬಿಳಿಯರಿಗೆ ಮೀಸಲಾಗಿದ್ದ ಆಸನಗಳಲ್ಲಿ ಕುಳಿತರು. ಆ ಬಳಿಕ ಸ್ವಯಂಸೇವಕರು ರಾತ್ರಿಯಿಡೀ ಬೆಥೆಲ್ ಚರ್ಚನ್ನು ಕಾದರು. 1958ರಲ್ಲಿ ಅಲ್ಲಿಟ್ಟಿದ್ದ ಬಾಂಬನ್ನು ಅವರು ಎತ್ತಿ ಬೀದಿಗೆ ಸಾಗಿಸಿದ್ದರಿಂದ ದೊಡ್ಡ ಅನಾಹುತ ತಪ್ಪಿತು.

ಎಲ್ಲ ಚರ್ಚುಗಳೂ ಬಾಗಿಲು ತೆರೆದವೆಂದು ಭಾವಿಸಬಾರದು. ನಗರದ ಬಹುಪಾಲು ಪಾದ್ರಿಗಳು ಬಾಂಬಿನ ಭಯದಿಂದಲೋ, ಷಟಲ್ಸ್‌ವರ್ತ್ ಅವರ ದುಡುಕು ಸ್ವಭಾವವನ್ನು ಒಪ್ಪದೆಯೋ ದೂರವೇ ಉಳಿದರು. ಸಭೆಗಳನ್ನು ತುಂಬಿದವರಲ್ಲಿ ಮಹಿಳೆಯರೇ ಹೆಚ್ಚಾಗಿದ್ದರೂ ವೇದಿಕೆ ಮಾತ್ರ ಪುರುಷರದಾಗಿತ್ತೆಂಬುದು ಈ ಚಳವಳಿಯ ಕಡೆಗಣಿಸಲಾಗದ ಕೊರತೆ.

1963ರ ಏಪ್ರಿಲ್‌ನಲ್ಲಿ ಕಿಂಗ್ ಅವರು ಬರ್ಮಿಂಗ್‌ಹ್ಯಾಮ್‌ನಲ್ಲಿ ಹೋರಾಟಕ್ಕಿಳಿದದ್ದು ಈ ಸ್ಥಳೀಯ ಸಂಘಟನೆಯ ಆಹ್ವಾನದ ಮೇರೆಗೆ. ಕೈಯಿಂದಷ್ಟೇ ಅಲ್ಲದೆ ಮಾತು ಮತ್ತು ಮನಸ್ಸಿನಿಂದಲೂ ಹಿಂಸೆ ಮಾಡುವುದಿಲ್ಲವೆಂಬ ಪ್ರತಿಜ್ಞಾಪತ್ರಕ್ಕೆ ಸ್ವಯಂಸೇವಕರು ಸಹಿ ಹಾಕಬೇಕಿತ್ತು. ಮೇ 2ರಂದು ಹದಿನಾರನೇ ಬೀದಿಯ ಬ್ಯಾಪ್ಟಿಸ್ಟ್ ಚರ್ಚಿನಿಂದ ವಿದ್ಯಾರ್ಥಿಗಳು ತಂಡತಂಡವಾಗಿ ಹೊರಟು ನೂರಾರು ಸಂಖ್ಯೆಯಲ್ಲಿ ಬಂಧನಕ್ಕೊಳಗಾದರು. ಮರುದಿನ ಪೊಲೀಸ್ ನಾಯಿಗಳನ್ನೂ ಅಗ್ನಿಶಾಮಕ ದಳದ ನೀರಿನ ಕೊಳವೆಗಳನ್ನೂ ಅವರ ಮೇಲೆ ಬಿಟ್ಟ ದೃಶ್ಯಗಳು ಜಗತ್ತಿನ ಪತ್ರಿಕೆಗಳಲ್ಲಿ ಪ್ರಕಟವಾದವು. ಮೇ 10ರಂದು ವ್ಯಾಪಾರಿಗಳು ಊಟದ ಕೌಂಟರುಗಳನ್ನು ಎಲ್ಲರಿಗೂ ತೆರೆಯಲು ಒಪ್ಪಿದರಾದರೂ, ಸೆಪ್ಟೆಂಬರ್ 15ರಂದು ಅದೇ ಚರ್ಚಿನಲ್ಲಿ ಸಿಡಿದ ಬಾಂಬಿಗೆ ನಾಲ್ವರು ಬಾಲಕಿಯರು ಬಲಿಯಾದರು.

ಒಂದು ಕಾಲದಲ್ಲಿ ಷಟಲ್ಸ್‌ವರ್ತ್ ಅವರನ್ನು ಮತ್ತೆ ಮತ್ತೆ ಜೈಲಿಗೆ ಕಳಿಸಿದ್ದ ನಗರದ ವಿಮಾನ ನಿಲ್ದಾಣಕ್ಕೆ 2008ರಲ್ಲಿ ಅವರ ಹೆಸರನ್ನು ಸೇರಿಸಲಾಯಿತು.