ಬಣ್ಣದ ಗುಂಡು, ಗಾಳಿಯ ಗುದ್ದು

ಸೈಕಲ್ಲಿಗೆ ಗಾಳಿ ಹೊಡೆದವರಿಗೆಲ್ಲ ಒಂದು ಸಂಗತಿ ಗೊತ್ತಿರುತ್ತದೆ. ಟ್ಯೂಬು ಎಷ್ಟೇ ಹೊಸದಾಗಿರಲಿ, ವಾಲ್ವಿನ ಬುಡದಲ್ಲಿ ಕೂದಲೆಳೆಯಷ್ಟು ಸಂದಿ ಉಳಿದರೆ ಸಾಕು, ಬೆಳಗಾಗುವುದರೊಳಗೆ ಚಕ್ರ ನೆಲಕ್ಕೆ ಕೂತಿರುತ್ತದೆ. ಸೈಕಲ್ಲಿನ ಮಟ್ಟಿಗೆ ಇದರಿಂದಾಗುವ ನಷ್ಟ ದೊಡ್ಡದಲ್ಲ. ಪಂಕ್ಚರ್ ಅಂಗಡಿಯವರೆಗೆ ತಳ್ಳಿಕೊಂಡು ಹೋದರಾಯಿತು. ಆದರೆ ಅದೇ ಗಾಳಿ ಇಪ್ಪತ್ತು ಪಟ್ಟು ಹೆಚ್ಚು ಒತ್ತಡದಲ್ಲಿ, ಹದಿನಾರರ ಹುಡುಗನೊಬ್ಬನ ಮುಖದಿಂದ ಒಂದಡಿ ದೂರದಲ್ಲಿ ತುಂಬಿಕೊಂಡಿದ್ದರೆ?

ಪೇಂಟ್‌ಬಾಲ್ ಆಟದಲ್ಲಿ ಆಗುವುದು ಇದೇ. ಬೆಂಗಳೂರಿನ ಆಸುಪಾಸಿನ ರೆಸಾರ್ಟುಗಳಲ್ಲಿ ಕಂಪೆನಿಗಳ ನೌಕರರೂ ಕಾಲೇಜು ಹುಡುಗರೂ ವಾರದ ಕೊನೆಯಲ್ಲಿ ಈ ಆಟ ಆಡುವುದನ್ನು ನೀವು ನೋಡಿರಬಹುದು. ಮುಖಕ್ಕೆ ಮಾಸ್ಕ್, ಕೈಯಲ್ಲಿ ಬಂದೂಕಿನಂಥ ಒಂದು ಸಾಧನ, ತಗುಲಿದ ಕಡೆ ಪಟ್ಟನೆ ಒಡೆದು ಬಣ್ಣ ಚೆಲ್ಲುವ ಗುಂಡು. ಆಡುವವರ ಗಮನವೆಲ್ಲ ಗುಂಡಿನ ಮೇಲಿರುತ್ತದೆ. ಗುಂಡನ್ನು ತಳ್ಳುವ ಗಾಳಿ ಯಾವ ದಾರಿಯಲ್ಲಿ ಬರುತ್ತದೆ, ಆ ದಾರಿ ಎಷ್ಟು ಗಟ್ಟಿ ಎಂದು ಕೇಳುವವರು ಕಡಿಮೆ. ಕೇಳಬೇಕಾದ ಪ್ರಶ್ನೆ ಅದೇ.

ಮರಕ್ಕೆ ಗುರುತು ಹಾಕುವ ಸಾಧನ

ಈ ಸಾಧನವನ್ನು ಆಟಗಾರರು ಬಂದೂಕು ಎನ್ನುವುದಿಲ್ಲ, ‘ಮಾರ್ಕರ್’ ಎನ್ನುತ್ತಾರೆ. ಅದಕ್ಕೆ ಕಾರಣವಿದೆ. ಅಮೆರಿಕದ ನೆಲ್ಸನ್ ಪೇಂಟ್ ಕಂಪೆನಿ, ಕಡಿಯಬೇಕಾದ ಮರಗಳಿಗೂ ಹಿಂಡಿನ ದನಗಳಿಗೂ ದೂರದಿಂದಲೇ ಬಣ್ಣದ ಗುರುತು ಹಾಕಲು ‘ನೆಲ್‌ಸ್ಪಾಟ್ 007’ ಎಂಬ ಪಿಸ್ತೂಲನ್ನು ಮಾರುತ್ತಿತ್ತು. 1981ರ ಜೂನ್ 27ರಂದು ನ್ಯೂ ಹ್ಯಾಂಪ್‌ಷೈರ್ ರಾಜ್ಯದ ಹೆನಿಕರ್ ಎಂಬ ಊರಿನ ಕಾಡಿನಲ್ಲಿ ಹನ್ನೆರಡು ಮಂದಿ ಇದೇ ಪಿಸ್ತೂಲು ಹಿಡಿದು ಬಾವುಟ ಕದಿಯುವ ಆಟ ಆಡಿದರು. ಮೊದಲ ಪೇಂಟ್‌ಬಾಲ್ ಆಟ ಅದು. ಗೆದ್ದವನು ರಿಚಿ ವೈಟ್. ತಮಾಷೆಯೆಂದರೆ ಆತ ಒಂದು ಗುಂಡನ್ನೂ ಹಾರಿಸದೆ ಬಾವುಟಗಳನ್ನೆಲ್ಲ ಒಟ್ಟುಮಾಡಿಕೊಂಡು ಬಂದಿದ್ದ!

ಆ ಪಿಸ್ತೂಲಿನಲ್ಲಿ ಕೊಳವೆಯ ರಗಳೆಯೇ ಇರಲಿಲ್ಲ. ಹೆಬ್ಬೆರಳು ಗಾತ್ರದ, 12 ಗ್ರಾಂ ಇಂಗಾಲದ ಡೈಆಕ್ಸೈಡ್ ತುಂಬಿದ ಉಕ್ಕಿನ ಪುಟ್ಟ ಬುಡ್ಡಿ ಹಿಡಿಯೊಳಗೇ ಕೂರುತ್ತಿತ್ತು. ಹೆಚ್ಚು ಗುಂಡು, ಹೆಚ್ಚು ವೇಗ ಬೇಕೆಂಬ ಆಸೆ ಬೆಳೆದಂತೆ ದೊಡ್ಡ ಬಾಟಲಿಗಳು ಬಂದವು. ಬಾಟಲಿ ಹಿಡಿಯ ಕೆಳಗೋ ಬೆನ್ನಿನ ಚೀಲಕ್ಕೋ ಹೋಯಿತು. ಅಲ್ಲಿಂದ ಮಾರ್ಕರ್‌ಗೆ ಗಾಳಿ ತರಲು ಕೊಳವೆ ಬೇಕಾಯಿತು. ಕೊಳವೆ ಬಂದ ಮೇಲೆ ಅದರ ಎರಡು ತುದಿಗೂ ಜೋಡಣೆ, ಎಂದರೆ ಫಿಟಿಂಗ್, ಬೇಕಾಯಿತು. ತೊಂದರೆಗೆ ದಾರಿಯೂ ಅಲ್ಲಿಯೇ ತೆರೆದುಕೊಂಡಿತು.

ಒತ್ತಡದ ಲೆಕ್ಕ

ನಮ್ಮ ಅಡುಗೆಮನೆಯ ಗ್ಯಾಸ್ ಸಿಲಿಂಡರಿನ ಒಳಗಿನ ಒತ್ತಡ ಚದರ ಸೆಂಟಿಮೀಟರಿಗೆ ಹತ್ತು ಕಿಲೋಗಿಂತ ಕಡಿಮೆ. ಸೈಕಲ್ ಚಕ್ರದಲ್ಲಿ ಸುಮಾರು ಮೂರು ಕಿಲೋ, ಲಾರಿಯ ಏರ್ ಬ್ರೇಕಿನಲ್ಲಿ ಎಂಟರ ಆಸುಪಾಸು. ಪೇಂಟ್‌ಬಾಲ್ ಬಾಟಲಿಯಲ್ಲಿರುವ ಇಂಗಾಲದ ಡೈಆಕ್ಸೈಡಿನ ಒತ್ತಡ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 58 ಕಿಲೋ. ಆಟಗಾರರು ಇದನ್ನೇ ಪೌಂಡಿನ ಲೆಕ್ಕದಲ್ಲಿ ಎಂಟುನೂರು ಚಿಲ್ಲರೆ ಪಿ.ಎಸ್.ಐ. ಎನ್ನುತ್ತಾರೆ. ಬರಿಯ ಗಾಳಿಯನ್ನೇ ಒತ್ತಿ ತುಂಬುವ ಬಾಟಲಿಗಳಲ್ಲಂತೂ 3000 ಇಲ್ಲವೇ 4500 ಪಿ.ಎಸ್.ಐ. ಎಂದರೆ 210 ಇಲ್ಲವೇ 315 ಕಿಲೋ! ಬಾಟಲಿಯ ಬಾಯಲ್ಲಿರುವ ರೆಗ್ಯುಲೇಟರ್ ಅದನ್ನು ಇಳಿಸಿ, 850ಕ್ಕೋ 450ಕ್ಕೋ ತಂದು ಕೊಳವೆಗೆ ಬಿಡುತ್ತದೆ.

ಈ ಅಂಕಿಗಳ ಅರ್ಥ ತಿಳಿಯಲು ಹೈಸ್ಕೂಲಿನ ಗಣಿತ ಸಾಕು. ಕೊಳವೆಯ ಒಳವ್ಯಾಸ 4 ಮಿಲಿಮೀಟರ್ ಎಂದುಕೊಳ್ಳಿ. ಅದರ ಬಾಯಿಯ ವಿಸ್ತೀರ್ಣ ಚದರ ಸೆಂಟಿಮೀಟರಿನ ಎಂಟನೆಯ ಒಂದು ಭಾಗ. ಒತ್ತಡ 60 ಕಿಲೋ ಆದರೆ ಕೊಳವೆಯ ತುದಿಯನ್ನು ಫಿಟಿಂಗಿನಿಂದ ಹೊರಕ್ಕೆ ತಳ್ಳುವ ಬಲ ಏಳೂವರೆ ಕಿಲೋ. ಆಟ ನಡೆಯುವಷ್ಟು ಹೊತ್ತೂ ಒಬ್ಬರು ಏಳೂವರೆ ಕಿಲೋ ತೂಕವನ್ನು ಆ ತುದಿಗೆ ಕಟ್ಟಿ ನೇತುಹಾಕಿದಂತೆ. ತುದಿ ಜಾರಿದರೆ ಕೊಳವೆ ಹಾವಿನಂತೆ ಹೊಯ್ದಾಡುತ್ತದೆ. ಎದುರಿಗಿರುವುದು ಕಣ್ಣು.

ಬಿಸಿಲಿನ ಮಾತನ್ನೂ ಇಲ್ಲಿ ಹೇಳಬೇಕು. ದ್ರವರೂಪದ ಇಂಗಾಲದ ಡೈಆಕ್ಸೈಡಿನ ಮೇಲಿನ ಒತ್ತಡ ಸೊನ್ನೆ ಡಿಗ್ರಿಯಲ್ಲಿ ಸುಮಾರು 35 ಕಿಲೋ, 30 ಡಿಗ್ರಿಯಲ್ಲಿ 73. ಮೂವತ್ತೊಂದು ಡಿಗ್ರಿ ದಾಟಿತೆಂದರೆ ದ್ರವ, ಅನಿಲ ಎಂಬ ಭೇದವೇ ಅಳಿದುಹೋಗುತ್ತದೆ. ಆಮೇಲೆ ಒತ್ತಡ ಎಷ್ಟು ಏರುತ್ತದೆ ಎಂಬುದು ಬಾಟಲಿಯನ್ನು ಎಷ್ಟು ತುಂಬಿದ್ದಾರೆ ಎಂಬುದರ ಮೇಲೆ ಹೋಗುತ್ತದೆ. ಈ ಸಾಧನ ಹುಟ್ಟಿದ್ದು ತಣ್ಣನೆಯ ನಾಡಿನಲ್ಲಿ. ನಮ್ಮ ಏಪ್ರಿಲ್ ತಿಂಗಳಲ್ಲಿ ಮುಚ್ಚಿದ ಕಾರಿನೊಳಗೆ ಬಾಟಲಿ ಬಿಟ್ಟುಹೋಗುವುದು ಬುದ್ಧಿವಂತರ ಕೆಲಸವಲ್ಲ.

ಕೊಳವೆ ಯಾವುದಿರಬೇಕು?

ಬಳಕೆಯಲ್ಲಿರುವುದು ಮುಖ್ಯವಾಗಿ ಎರಡು ಬಗೆ. ಒಂದು, ಕಾಲಿಂಚು ಹೊರವ್ಯಾಸದ ನೈಲಾನ್ ಕೊಳವೆ. ಇದನ್ನು ‘ಮ್ಯಾಕ್ರೋಲೈನ್’ ಎನ್ನುತ್ತಾರೆ. ಹಗುರ, ಅಗ್ಗ, ಬೇಕಾದ ಉದ್ದಕ್ಕೆ ಕತ್ತರಿಸಿಕೊಳ್ಳಬಹುದು. ಫಿಟಿಂಗಿನೊಳಗೆ ಒತ್ತಿದರೆ ಸಾಕು. ಒಳಗಿನ ಹಲ್ಲುಳ್ಳ ಬಳೆ ಅದನ್ನು ಕಚ್ಚಿ ಹಿಡಿಯುತ್ತದೆ, ರಬ್ಬರ್ ಉಂಗುರವೊಂದು ಸೋರದಂತೆ ಸುತ್ತ ಅಪ್ಪಿಕೊಳ್ಳುತ್ತದೆ. ಇನ್ನೊಂದು, ಒಳಗೆ ಟೆಫ್ಲಾನ್, ಹೊರಗೆ ಸ್ಟೇನ್‌ಲೆಸ್ ಸ್ಟೀಲ್ ತಂತಿಯ ಹೆಣಿಗೆ ಇರುವ ಕೊಳವೆ. ಇದರ ತುದಿಗಳಲ್ಲಿ ಫಿಟಿಂಗನ್ನು ಕಾರ್ಖಾನೆಯಲ್ಲೇ ಒತ್ತಿ ಕೂರಿಸಿರುತ್ತಾರೆ. ತೂಕ ಹೆಚ್ಚು, ಉದ್ದ ಬದಲಿಸಲಾಗದು, ಆದರೆ ಬಾಳಿಕೆ ಬಹಳ.

ರೆಗ್ಯುಲೇಟರ್ ಇರುವ ಗಾಳಿ ಬಾಟಲಿಗೆ, ಅದರಲ್ಲೂ ಕಡಿಮೆ ಒತ್ತಡ ಬಿಡುವ ಬಾಟಲಿಗೆ, ನೈಲಾನ್ ಸಾಕು. ಇಂಗಾಲದ ಡೈಆಕ್ಸೈಡಿಗೆ ಸ್ಟೀಲ್ ಹೆಣಿಗೆಯದೇ ಒಳ್ಳೆಯದು. ಬೇಗ ಬೇಗ ಗುಂಡು ಹಾರಿಸಿದಾಗ ದ್ರವವೇ ಕೊಳವೆಗೆ ನುಗ್ಗಿ, ಆವಿಯಾಗುವಾಗ ಸುತ್ತಲಿನ ಶಾಖ ಹೀರಿ ಎಲ್ಲವನ್ನೂ ಹಿಮದಂತೆ ತಣ್ಣಗಾಗಿಸುತ್ತದೆ. ಚಳಿಗೆ ನೈಲಾನ್ ಪೆಡಸಾಗುತ್ತದೆ. ಪೆಡಸಾದದ್ದು ಬಗ್ಗಿಸಿದಾಗ ಬಿರಿಯುತ್ತದೆ.

ನೈಲಾನ್ ಕೊಳವೆಯನ್ನು ಕತ್ತರಿಯಿಂದ ಕತ್ತರಿಸಬಾರದು. ತುದಿ ಓರೆಯಾಗಿಯೋ ಚಪ್ಪಟೆಯಾಗಿಯೋ ಆದರೆ ರಬ್ಬರ್ ಉಂಗುರವನ್ನು ಕೊಯ್ದುಹಾಕುತ್ತದೆ. ಹರಿತವಾದ ಬ್ಲೇಡಿನಿಂದ ನೇರಕ್ಕೆ ಕತ್ತರಿಸಿ, ತಡೆಯುವವರೆಗೂ ಒಳಗೆ ಒತ್ತಿ, ಒಮ್ಮೆ ಹಿಂದಕ್ಕೆ ಎಳೆದು ನೋಡಬೇಕು. ಬಿಚ್ಚಿ ತೆಗೆದ ತುದಿಯಲ್ಲಿ ಹಲ್ಲಿನ ಗೀರು ಉಳಿದಿರುತ್ತದೆ. ಅಷ್ಟು ಭಾಗವನ್ನು ಕತ್ತರಿಸಿ ಎಸೆದೇ ಮತ್ತೆ ಜೋಡಿಸಬೇಕು. ಇದಕ್ಕಾಗಿಯೇ ಉದ್ದದಲ್ಲಿ ಸ್ವಲ್ಪ ಧಾರಾಳವಿರಲಿ. ಬಿಗಿಯಾಗಿ ಬಗ್ಗಿಸಿದ ಕೊಳವೆ ಮಡಿಕೆ ಬೀಳುತ್ತದೆ. ಒಮ್ಮೆ ಮಡಿಕೆ ಬಿದ್ದದ್ದನ್ನು ನೆಟ್ಟಗೆ ಮಾಡಿ ಬಳಸುವ ಯೋಚನೆ ಬೇಡ.

ಇನ್ನೊಂದು ಎಚ್ಚರಿಕೆ ನಮ್ಮವರಿಗೇ ವಿಶೇಷವಾಗಿ ಬೇಕಾದದ್ದು. ಪೀಣ್ಯದಂಥ ಕೈಗಾರಿಕಾ ಪ್ರದೇಶಗಳಲ್ಲಿ ಯಂತ್ರಗಳಿಗೆ ಗಾಳಿ ಹಾಯಿಸುವ ನೀಲಿ ಕೊಳವೆ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ನೋಡಲು ಮ್ಯಾಕ್ರೋಲೈನಿನ ತಮ್ಮನಂತೆಯೇ ಇರುತ್ತದೆ. ಆದರೆ ಅದು ತಾಳುವುದು ಹತ್ತು ಕಿಲೋ ಆಸುಪಾಸಿನ ಒತ್ತಡವನ್ನು. ಅಳತೆಯೂ ಬೇರೆ. ಅದು 6 ಮಿಲಿಮೀಟರ್, ಇದು ಕಾಲಿಂಚು, ಎಂದರೆ 6.35. ಕೂದಲೆಳೆಯ ಈ ವ್ಯತ್ಯಾಸ ಕಣ್ಣಿಗೆ ಕಾಣದು, ಗಾಳಿಗೆ ಕಾಣುತ್ತದೆ. ಆದ್ದರಿಂದ ಕೊಳವೆಯ ಮೇಲೆ ಅಥವಾ ಅದರ ಪೊಟ್ಟಣದ ಮೇಲೆ ಬರೆದ ಕೆಲಸದ ಒತ್ತಡವನ್ನು ಓದದೆ ಕೊಳ್ಳಬಾರದು. ಕೆಲವರು ‘ಸಿಡಿಯುವ ಒತ್ತಡ’ವನ್ನು ತೋರಿಸಿ ಮಾರುತ್ತಾರೆ. ಅದು ಕೊಳವೆ ಸಾಯುವ ಅಂಕಿ, ಬದುಕುವ ಅಂಕಿಯಲ್ಲ.

ಥ್ರೆಡ್ಡಿನ ಜಾತಕ

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇಂಥದೊಂದು ಆಟದ ಮೈದಾನದ ಉಸ್ತುವಾರಿ ನೋಡಿಕೊಳ್ಳುತ್ತಾನೆ. ಒಮ್ಮೆ ಸಿಕ್ಕಾಗ, “ಸಾರ್, ಫಿಟಿಂಗ್ ಹೊಸದು, ಟೇಪ್ ಸುತ್ತಿದ್ದೀನಿ, ಶಕ್ತಿ ಇದ್ದಷ್ಟೂ ಬಿಗಿ ಮಾಡಿದ್ದೀನಿ. ಆದರೂ ಸೋರುತ್ತೆ” ಎಂದ. “ಎಲ್ಲಿ ತಂದೆಯಪ್ಪಾ?” ಎಂದೆ. ಪೇಟೆಯ ಹಾರ್ಡ್‌ವೇರ್ ಅಂಗಡಿಯೊಂದರಲ್ಲಿ ‘ಎಂಟನೇ ಒಂದು ಇಂಚು’ ಎಂದು ಕೇಳಿ ತಂದಿದ್ದನಂತೆ. ಅಂಗಡಿಯವನು ಕೊಟ್ಟದ್ದೂ ಎಂಟನೇ ಒಂದು ಇಂಚಿನದೇ. ಹಾಗಾದರೆ ಕೆಟ್ಟದ್ದೆಲ್ಲಿ?

ಕೆಟ್ಟದ್ದು ಜಾತಕದಲ್ಲಿ. ಪೇಂಟ್‌ಬಾಲ್ ಸಾಮಾನುಗಳಲ್ಲಿರುವುದು ಅಮೆರಿಕದ ಎನ್.ಪಿ.ಟಿ. ಎಂಬ ಥ್ರೆಡ್ಡು. ಅದರಲ್ಲಿ ಇಂಚಿಗೆ 27 ಸುತ್ತು, ಹಲ್ಲಿನ ಕೋನ 60 ಡಿಗ್ರಿ. ನಮ್ಮ ದೇಶದ ಪೈಪು, ನಲ್ಲಿಗಳಲ್ಲಿರುವುದು ಬ್ರಿಟಿಷರ ಕಾಲದಿಂದ ಬಂದ ಬಿ.ಎಸ್.ಪಿ. ಅದೇ ಅಳತೆಗೆ ಅದರಲ್ಲಿ ಇಂಚಿಗೆ 28 ಸುತ್ತು, ಕೋನ 55 ಡಿಗ್ರಿ. ಒಂದನ್ನು ಇನ್ನೊಂದಕ್ಕೆ ಹಾಕಿದರೆ ಎರಡು ಮೂರು ಸುತ್ತು ಸಲೀಸಾಗಿ ಹೋಗುತ್ತದೆ. ಆಮೇಲೆ ಬಿಗಿಯಾಗುತ್ತದೆ. ಕೂತಿತು ಎಂದು ನಾವು ಸಂತೋಷಪಡುತ್ತೇವೆ. ಅದು ಕೂತಿರುವುದಿಲ್ಲ, ಸಿಕ್ಕಿಕೊಂಡಿರುತ್ತದೆ. ಹಿಡಿತವೆಲ್ಲ ಒಂದೆರಡು ಹಲ್ಲುಗಳ ಮೇಲೆ. ಅಂಥದ್ದಕ್ಕೆ ಅರವತ್ತು ಕಿಲೋ ಒತ್ತಡ ಕೊಡುವುದೆಂದರೆ ಅಪಾಯವನ್ನು ಕೈಯಾರೆ ಕಟ್ಟಿಕೊಂಡಂತೆ.

ಹೆಸರನ್ನು ನಂಬಿ ಸ್ಕೇಲು ಹಿಡಿದರೂ ಮೋಸ ಹೋಗುತ್ತೀರಿ. ಎಂಟನೇ ಒಂದು ಇಂಚು ಎಂಬುದು ಪೈಪಿನ ಹೆಸರಷ್ಟೆ. ಆ ಥ್ರೆಡ್ಡಿನ ಹೊರವ್ಯಾಸ ಹತ್ತು ಮಿಲಿಮೀಟರಿನಷ್ಟಿರುತ್ತದೆ. ಆದ್ದರಿಂದ ಕೊಳ್ಳುವಾಗ ‘ಎನ್.ಪಿ.ಟಿ.’ ಎಂದು ಬಾಯಿಬಿಟ್ಟು ಕೇಳಿ. ವರ್ಕ್‌ಶಾಪುಗಳಲ್ಲಿ ಸಿಗುವ ಥ್ರೆಡ್ ಗೇಜಿನ ಹಲ್ಲನ್ನು ಹೊಂದಿಸಿ ನೋಡಿದರೆ ಇನ್ನೂ ಒಳ್ಳೆಯದು.

ಎನ್.ಪಿ.ಟಿ. ಥ್ರೆಡ್ಡು ತುದಿಯ ಕಡೆಗೆ ಸಣ್ಣದಾಗುತ್ತ ಹೋಗುತ್ತದೆ, ಹದಿನಾರು ಅಳತೆ ಉದ್ದಕ್ಕೆ ಒಂದು ಅಳತೆ ದಪ್ಪ ಕಡಿಮೆ. ಬೆಣೆಯಂತೆ ಬಿಗಿಯುವುದೇ ಅದರ ಗುಟ್ಟು. ಬೆಣೆಯನ್ನು ಅತಿಯಾಗಿ ಹೊಡೆದರೆ ಮರ ಸೀಳುವಂತೆ, ಅತಿಯಾಗಿ ತಿರುಗಿಸಿದರೆ ಮಾರ್ಕರ್‌ನ ಅಲ್ಯುಮಿನಿಯಂ ಮೈ ಬಿರಿಯುತ್ತದೆ. ಟೆಫ್ಲಾನ್ ಟೇಪನ್ನು ಮೊದಲ ಸುತ್ತು ಬಿಟ್ಟು, ಬಿಗಿಯುವ ದಿಕ್ಕಿನಲ್ಲೇ ಎರಡು ಮೂರು ಸುತ್ತು ಸುತ್ತಬೇಕು. ತುದಿಯವರೆಗೂ ಸುತ್ತಿದರೆ ಚೂರುಗಳು ಕಿತ್ತು ವಾಲ್ವಿನೊಳಗೆ ಸೇರುತ್ತವೆ. ಫಿಟಿಂಗುಗಳಲ್ಲಿ ಉಕ್ಕಿನವು ಅಥವಾ ನಿಕಲ್ ಲೇಪದ ಹಿತ್ತಾಳೆಯವು ಬಾಳುತ್ತವೆ. ಪ್ಲಾಸ್ಟಿಕ್ ಮೈಯ ಎಲ್ಬೋಗಳು ಒಂದು ಬಿದ್ದೇಟಿಗೆ ಮುರಿಯುತ್ತವೆ.

ಚಿಲ್ಲರೆ ಕಾಸಿನ ಉಂಗುರ

ಇಡೀ ವ್ಯವಸ್ಥೆಯಲ್ಲಿ ಅಗ್ಗದ ವಸ್ತು ಓ-ರಿಂಗ್. ಹೆಚ್ಚಿನ ಸೋರಿಕೆಗೆ ಮೂಲವೂ ಅದೇ. ಸಾಮಾನ್ಯ ನೈಟ್ರೈಲ್ ರಬ್ಬರಿನ ಉಂಗುರ ಒತ್ತಡದಲ್ಲಿ ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳುತ್ತದೆ. ಒತ್ತಡ ತಟ್ಟನೆ ಇಳಿದಾಗ ಹೀರಿದ್ದು ಒಳಗಿನಿಂದಲೇ ಉಬ್ಬಿ ಉಂಗುರವನ್ನು ಬಿರಿಸುತ್ತದೆ. ಬಾಟಲಿಯ ಬಾಯಿಗೆ ಪಾಲಿಯುರೆಥೇನ್ ಉಂಗುರ ಹಾಕಿದರೆ ಈ ಕಾಟ ಬಹಳ ಕಡಿಮೆ. ಹತ್ತಾರು ಉಂಗುರಗಳನ್ನು ಜೇಬಿನಲ್ಲಿಟ್ಟುಕೊಂಡರೂ ಖರ್ಚು ಹೆಚ್ಚಿಲ್ಲ.

ಆದರೆ ಅಧಿಕ ಒತ್ತಡದ ಗಾಳಿ ತುಂಬಿಸುವ ಬಾಯಿಗೆ ಎಣ್ಣೆ, ಗ್ರೀಸ್ ಹಚ್ಚಲೇಬಾರದು. ಸೈಕಲ್ ಪಂಪು ಹೊಡೆಯುವಾಗ ಅದರ ಬುಡ ಬಿಸಿಯಾಗುವುದನ್ನು ನೋಡಿದ್ದೀರಿ. ಡೀಸೆಲ್ ಎಂಜಿನ್ನಿನಲ್ಲಿ ಅದೇ ಬಿಸಿ ಎಣ್ಣೆಗೆ ಬೆಂಕಿ ಹೊತ್ತಿಸುತ್ತದೆ, ಕಿಡಿಯೇ ಬೇಡ. ಇನ್ನೂರು ಮುನ್ನೂರು ಕಿಲೋ ಒತ್ತಡದ ಗಾಳಿ ರಭಸದಿಂದ ನುಗ್ಗುವ ಕಡೆ ಎಣ್ಣೆಯ ಪಸೆ ಇದ್ದರೆ ಬಾಟಲಿಯ ಬಾಯಿಯೇ ಎಂಜಿನ್ನಾದೀತು.

ಬಾಟಲಿ ಬಿಚ್ಚುವಾಗ

2004ರಲ್ಲಿ ಅಮೆರಿಕದ ಗ್ರಾಹಕ ವಸ್ತು ಸುರಕ್ಷತಾ ಆಯೋಗ ಒಂದು ಎಚ್ಚರಿಕೆ ಹೊರಡಿಸಿತು. ಬಾಟಲಿಯನ್ನು ಮಾರ್ಕರ್‌ನಿಂದ ಬಿಚ್ಚುವಾಗ, ವಾಲ್ವು ಮಾರ್ಕರ್‌ನಲ್ಲೇ ಉಳಿದು ಬಾಟಲಿ ಮಾತ್ರ ತಿರುಗಿ ಕಳಚಿಕೊಂಡರೆ ಅದು ರಾಕೆಟ್ಟಿನಂತೆ ಹಾರುತ್ತದೆ. ಹೀಗಾಗಿ ಇಬ್ಬರು ಸತ್ತಿದ್ದರು. ತಡೆಯುವ ಉಪಾಯ ಮಾತ್ರ ಬಲು ಸರಳ. ಬಾಟಲಿಯ ಕತ್ತಿನಿಂದ ವಾಲ್ವಿನವರೆಗೆ ಉಗುರಿನ ಬಣ್ಣದಿಂದ ಒಂದು ಗೆರೆ ಎಳೆದಿಡಿ. ಬಿಚ್ಚುವಾಗ ಎರಡೂ ಭಾಗದ ಗೆರೆ ಒಟ್ಟಿಗೇ ತಿರುಗಬೇಕು. ಗೆರೆ ಒಡೆದು ಬೇರೆಯಾದರೆ ಕೈ ತೆಗೆದು, ತಿಳಿದವರನ್ನು ಕರೆಯಿರಿ.

ನಮ್ಮಲ್ಲಿ ಅರ್ಧ ಲೀಟರಿಗಿಂತ ದೊಡ್ಡ ಗ್ಯಾಸ್ ಬಾಟಲಿಗಳು 2016ರ ಗ್ಯಾಸ್ ಸಿಲಿಂಡರ್ ನಿಯಮಗಳ ವ್ಯಾಪ್ತಿಗೆ ಬರುತ್ತವೆ. ಬಾಟಲಿಯ ಮೇಲೆ ಒತ್ತಿದ ಪರೀಕ್ಷೆಯ ತಾರೀಖು ನೋಡಿಯೇ ತುಂಬಿಸಬೇಕು.

ಆಟಕ್ಕೆ ಇಳಿಯುವ ಮೊದಲು ಐದು ನಿಮಿಷ ತೆಗೆದಿಡಿ. ಗಾಳಿ ಬಿಟ್ಟು ಪ್ರತಿ ಜೋಡಣೆಗೂ ಸೋಪಿನ ನೀರು ಸವರಿ. ಗುಳ್ಳೆ ಎದ್ದರೆ ಸೋರಿಕೆ. ಬೆರಳಿಟ್ಟು ಹುಡುಕಬೇಡಿ, ಈ ಒತ್ತಡದ ಗಾಳಿ ಚರ್ಮದೊಳಕ್ಕೆ ನುಗ್ಗಬಲ್ಲದು. ಒತ್ತಡ ಇರುವಾಗ ಸ್ಪಾನರ್ ಹಾಕಬೇಡಿ. ಮೊದಲು ಗಾಳಿ ಖಾಲಿ, ಆಮೇಲೆ ರಿಪೇರಿ. ಮಾಸ್ಕ್ ಮುಖದ ಮೇಲಿರಬೇಕಾದದ್ದು ಆಟದಲ್ಲಿ ಮಾತ್ರವಲ್ಲ, ಈ ಕೆಲಸದಲ್ಲೂ.

ಮಾರ್ಕರ್ ಕೊಳ್ಳುವಾಗ ಸಾವಿರಾರು ರೂಪಾಯಿಗೆ ಹಿಂದುಮುಂದು ನೋಡದ ನಾವು ಫಿಟಿಂಗ್ ಕೊಳ್ಳುವಾಗ ಐವತ್ತು ರೂಪಾಯಿಗೆ ಚೌಕಾಸಿ ಮಾಡುತ್ತೇವೆ. ಗಾಳಿಗೆ ಮಾರ್ಕರ್‌ನ ಬೆಲೆ ಗೊತ್ತಿಲ್ಲ. ಅದು ಹುಡುಕುವುದು ಎಲ್ಲಿ ಸಡಿಲವಿದೆ ಎಂಬುದನ್ನಷ್ಟೆ.