ಕಾಂಪೌಂಡರ ನೀಲಿ

ಅರಸೀಕೆರೆಯ ರೈಲು ನಿಲ್ದಾಣದಲ್ಲಿ ಬೆಂಗಳೂರಿನ ಗಾಡಿಯಿಂದಿಳಿದು, ತೆಂಗಿನ ತೋಟಗಳ ನಡುವಣ ದಾರಿಯಲ್ಲಿ ಎರಡು ಮೂರು ಮೈಲಿ ಹೋದರೆ ಸಿಗುವ ನನ್ನ ಸೋದರಮಾವನ ಮನೆಯ ಜಗಲಿಯ ಮೇಲೆ, ಕಳೆದ ಮಾಘಮಾಸದ ಒಂದು ಮಧ್ಯಾಹ್ನ, ಕೊಬ್ಬರಿ ಲೆಕ್ಕದ ಪುಸ್ತಕದೊಳಗೆ ಮಡಿಸಿಟ್ಟಿದ್ದ ಕಾಗದವೊಂದು ನನ್ನ ಕೈಗೆ ಬಂದಿತು. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಅವರಿಗೆ ಬೈಪಾಸ್ ಆದ ರಾತ್ರಿ ಐಸಿಯುವಿನಲ್ಲಿ ಬರೆದಿಟ್ಟಿದ್ದ ಪಟ್ಟಿಯ ನಕಲು ಅದು. ಗಂಟೆಗೊಂದು ಅಂಕಿ: 236, 221, 204, 188, 171. ಕೆಳಗೆ ಯಾರೋ ಅವಸರದ ಕೈಯಲ್ಲಿ ‘180ರ ಒಳಗಿರಲಿ’ ಎಂದು ಬರೆದು ಎರಡು ಗೆರೆ ಎಳೆದಿದ್ದರು.

“ಅಲ್ಲ ಕಣಯ್ಯಾ, ಹುಟ್ಟಿದಾಗಿನಿಂದ ನನಗೆ ಶುಗರ್ ಅಂತ ಒಬ್ಬರೂ ಹೇಳಿದ್ದಿಲ್ಲ. ಎದೆ ಕುಯ್ದೋರು ಒಳಗೊಂದು ಅಚ್ಚು ಬೆಲ್ಲ ಇಟ್ಟು ಹೊಲಿದುಬಿಟ್ಟರೇನೋ!” ಎಂದು ಮಾವ ನಕ್ಕರು. ನಗುವಾಗ ಎದೆಗೆ ದಿಂಬನ್ನು ಒತ್ತಿಹಿಡಿಯುವ ಅಭ್ಯಾಸ ಅವರಿಗಿನ್ನೂ ಹೋಗಿರಲಿಲ್ಲ.

ಬೆಲ್ಲವನ್ನು ಯಾರೂ ಇಟ್ಟಿರಲಿಲ್ಲ. ಅದು ಒಳಗೇ ಇದ್ದಿತು. ಸಕ್ಕರೆಯೆಂಬುದು ಸಸ್ಯಗಳ ಸೊತ್ತು, ಪ್ರಾಣಿಗಳು ಅದನ್ನು ತಿಂದು ಕರಗಿಸಬಲ್ಲವೇ ಹೊರತು ತಾವಾಗಿ ಹುಟ್ಟಿಸಲಾರವು ಎಂದು ಯೂರೋಪಿನ ಪಂಡಿತರು ನಂಬಿಕೊಂಡಿದ್ದ ಕಾಲದಲ್ಲಿ, ಫ್ರಾನ್ಸಿನ ಕ್ಲೋದ್ ಬೆರ್ನಾರ್ ಎಂಬ ಶರೀರವಿಜ್ಞಾನಿಯು ಯಕೃತ್ತೇ ಸಕ್ಕರೆಯನ್ನು ಮಾಡಿ ರಕ್ತಕ್ಕೆ ಸುರಿಯುತ್ತದೆಂದು ತೋರಿಸಿದನು. 1849ರಲ್ಲಿ ಮೊಲದ ಮಿದುಳಿನ ತಳದ ಒಂದು ಸ್ಥಾನವನ್ನು ಸೂಜಿಯಿಂದ ಚುಚ್ಚಿ, ನಿರೋಗಿಯಾದ ಆ ಪ್ರಾಣಿಯ ಮೂತ್ರದಲ್ಲಿ ಸಕ್ಕರೆ ಕಾಣಿಸಿಕೊಳ್ಳುವಂತೆ ಮಾಡಿದನು. ಗಾಯಗೊಂಡ ದೇಹವು ತನ್ನ ಸಕ್ಕರೆಯನ್ನು ತಾನೇ ಹೊರಗೆಡಹುತ್ತದೆಂಬ ಸಂಗತಿಗೆ ಅಂದಿನಿಂದ ಪುರಾವೆ ಕೂಡುತ್ತ ಬಂದಿತು. ಎದೆಯೆಲುಬನ್ನು ಗರಗಸದಿಂದ ಸೀಳಿ, ರಕ್ತವನ್ನು ಹೊರಗಿನ ಯಂತ್ರದಲ್ಲಿ ಹಾಯಿಸುವ ಶಸ್ತ್ರಕ್ರಿಯೆಗಿಂತ ದೊಡ್ಡ ಗಾಯ ಯಾವುದಿದ್ದೀತು? ಆ ಹೊತ್ತಿನಲ್ಲಿ ಅಡ್ರಿನಲಿನ್, ಕಾರ್ಟಿಸಾಲ್ ಮೊದಲಾದ ಸ್ರಾವಗಳು ಉಕ್ಕೇರುತ್ತವೆ. ಯಕೃತ್ತು ಭಂಡಾರದ ಬಾಗಿಲು ತೆರೆಯುತ್ತದೆ. ಮಾಂಸಖಂಡಗಳು ಇನ್ಸುಲಿನ್ನಿನ ಮಾತಿಗೆ ಕಿವುಡಾಗುತ್ತವೆ. ನಮ್ಮ ಹಳೇಬೀಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1311ರಲ್ಲಿ ಮಲಿಕ್ ಕಾಫರನ ದಂಡು, ಅಂದು ದ್ವಾರಸಮುದ್ರವೆನಿಸಿದ್ದ ಅವರೂರಿನ ಕೋಟೆಯ ಮುಂದೆ ಬಂದು ನಿಂತಾಗ ಹೊಯ್ಸಳರ ಮೂರನೆಯ ಬಲ್ಲಾಳನೂ ಭಂಡಾರವನ್ನೇ ತೆರೆದುಕೊಟ್ಟನಷ್ಟೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಆ 180 ಎಂಬ ಅಂಕಿ. ಅದು ಎಲ್ಲಿಂದ ಬಂದಿತೆಂದು ಹುಡುಕುತ್ತ ಹೋದವನಿಗೆ ಎದುರಾದವರು ನಮ್ಮ ಬಾಲ್ಯದ ಕಾಂಪೌಂಡರು.

ಅರಸೀಕೆರೆಯ ಪೇಟೆಯಲ್ಲಿ, ಕೊಬ್ಬರಿ ಮಂಡಿಗಳ ಸಾಲು ಮುಗಿಯುವಲ್ಲಿ, ಒಂದು ಪುಟ್ಟ ಔಷಧಾಲಯವಿತ್ತು. ಡಾಕ್ಟರು ಬರುವುದು ಹತ್ತು ಗಂಟೆಗೆ. ಕಾಂಪೌಂಡರು ಏಳಕ್ಕೇ ಬಂದು, ಸ್ಪಿರಿಟ್ ದೀಪ ಹಚ್ಚಿ, ಗಾಜಿನ ನಳಿಕೆಯಲ್ಲಿ ಐದು ಮಿಲಿಲೀಟರಿನಷ್ಟು ಬೆನೆಡಿಕ್ಟ್ ದ್ರಾವಣ ಹಾಕಿ, ಸಕ್ಕರೆ ಕಾಯಿಲೆಯವರು ಸೀಸೆಯಲ್ಲಿ ತಂದ ಮೂತ್ರದ ಎಂಟು ಹನಿಗಳನ್ನು ಎಣಿಸಿ ಬಿಟ್ಟು ಕುದಿಸುತ್ತಿದ್ದರು. ನೀಲಿ ನೀಲಿಯಾಗಿಯೇ ಉಳಿದರೆ ಸಕ್ಕರೆಯಿಲ್ಲ; ಹಸಿರಿಗೆ ತಿರುಗಿದರೆ ಅಲ್ಪ; ಹಳದಿ, ಕಿತ್ತಳೆ ಎಂದು ಏರುತ್ತ ಇಟ್ಟಿಗೆಯ ಕೆಂಪಾದರೆ ಆ ಮನುಷ್ಯನ ಮುಖವೂ ಕೆಂಪೇರುತ್ತಿತ್ತು. “ಯಜಮಾನರೇ, ನಿನ್ನೆ ಯಾರ ಮನೆಯ ಹೋಳಿಗೆ?” ಎಂದು ಕಾಂಪೌಂಡರು ಕೇಳುವರು. ಸುಳ್ಳು ಹೇಳಲು ಅಲ್ಲಿ ಎಡೆಯಿರಲಿಲ್ಲ. ಇನ್ಸುಲಿನ್ 1922ರ ಜನವರಿಯಲ್ಲಿ ಟೊರಾಂಟೋದಲ್ಲಿ ಮೊದಲ ಬಾರಿಗೆ ಮನುಷ್ಯನ ಮೈಸೇರಿದ ಮೇಲೆ, ದೊಡ್ಡ ಆಸ್ಪತ್ರೆಗಳೂ ಬಹುಕಾಲ ಈ ಬಣ್ಣಗಳನ್ನೇ ನೆಚ್ಚಿಕೊಂಡಿದ್ದವು: ಹಸಿರಿಗಿಷ್ಟು ಯೂನಿಟ್, ಕೆಂಪಿಗಿಷ್ಟು ಯೂನಿಟ್.

ಈ ಪದ್ಧತಿಯ ದೋಷವೇನೂ ಚಿಕ್ಕದಲ್ಲ. ಮೂತ್ರವು ಹೇಳುವುದು ಹಳೆಯ ಸುದ್ದಿ. ಸಕ್ಕರೆ ಏರಿದ ಮೇಲೆ ಬೆನ್ನಟ್ಟುವುದೇ ಹೊರತು ಏರದಂತೆ ತಡೆಯುವುದಲ್ಲ. 1967ರಲ್ಲಿ ಕ್ಲೀವ್‌ಲೆಂಡಿನ ರೆನೆ ಫವಲೋರೋ ಕಾಲಿನ ರಕ್ತನಾಳವನ್ನು ಹೃದಯಕ್ಕೆ ಜೋಡಿಸಿ ಬೈಪಾಸನ್ನು ರೂಢಿಗೆ ತಂದ ಮೇಲೂ, ಶಸ್ತ್ರಕ್ರಿಯೆಯ ಮರುದಿನ ಇನ್ನೂರೋ ಮುನ್ನೂರೋ ಆದ ಸಕ್ಕರೆಯನ್ನು ಸಹಜವೆಂದು ಬಿಟ್ಟುಬಿಡುವ ವಾಡಿಕೆಯೇ ಇತ್ತು. ಅದನ್ನು ಒಪ್ಪದವರು ಅಮೆರಿಕದ ಪೋರ್ಟ್‌ಲೆಂಡಿನ ಆಂಟನಿ ಫರ್ನರಿ ಮತ್ತು ಅವರ ಸಂಗಡಿಗರು. 1987ರಿಂದ 1997ರವರೆಗೆ 2,467 ಮಧುಮೇಹಿಗಳ ಲೆಕ್ಕವಿಟ್ಟ ಅವರು, ಮೊದಲ ಕೆಲವು ವರ್ಷ ಚರ್ಮದಡಿ ಆಗಾಗ ಸೂಜಿ ಚುಚ್ಚಿಯೂ, ಅನಂತರ ಹನಿಹನಿಯಾಗಿ ರಕ್ತನಾಳಕ್ಕೇ ಇನ್ಸುಲಿನ್ ಹಾಯಿಸಿಯೂ ನೋಡಿದರು. ಎದೆಯೆಲುಬಿನ ಆಳದ ಕೀವು ನೂರಕ್ಕೆ 2.0ರಿಂದ 0.8ಕ್ಕೆ ಇಳಿಯಿತು. ಆ ಕೀವಿನ ಸಂಕಟವನ್ನು ಕಂಡವರು ಈ ಇಳಿತವನ್ನು ಅಲ್ಪವೆನ್ನಲಾರರು.

ಅಲ್ಲಿಂದ ಮುಂದಿನದು ಜಗಳದ ಕಥೆ. ನನಗೆ ಬಹು ಪ್ರಿಯವಾದ ಭಾಗವೂ ಅದೇ. 2001ರಲ್ಲಿ ಬೆಲ್ಜಿಯಮ್ಮಿನ ಲ್ಯೂವೆನ್ ನಗರದ ಗ್ರೀಟ್ ವಾನ್ ಡೆನ್ ಬೆರ್ಘೆ ಎಂಬ ವೈದ್ಯೆ, 1,548 ರೋಗಿಗಳನ್ನು ಎರಡು ಪಾಲು ಮಾಡಿ (ಅವರಲ್ಲಿ ಹೆಚ್ಚಿನವರು ಹೃದಯದ ಶಸ್ತ್ರಕ್ರಿಯೆಯಾದವರೇ), ಒಂದು ಪಾಲಿನವರ ಸಕ್ಕರೆಯನ್ನು 80ರಿಂದ 110ರೊಳಗೆ ಬಿಗಿಹಿಡಿದಾಗ, ಐಸಿಯುವಿನಲ್ಲಿ ಸಾಯುವವರ ಪ್ರಮಾಣ ನೂರಕ್ಕೆ 8.0ರಿಂದ 4.6ಕ್ಕೆ ಇಳಿಯಿತೆಂದು ಪ್ರಕಟಿಸಿದರು. ಲೋಕ ಬೆರಗಾಯಿತು, ಆಸ್ಪತ್ರೆಗಳೆಲ್ಲ 110ರ ಬೆನ್ನು ಹತ್ತಿದವು. ಬೆರಗು ಎಂಟು ವರ್ಷ ಬಾಳಿತು. 2009ರಲ್ಲಿ ಆಸ್ಟ್ರೇಲಿಯ, ನ್ಯೂಜಿಲೆಂಡ್, ಕೆನಡಾ ಮೊದಲಾದ ಕಡೆಯ ವೈದ್ಯರು ಕೂಡಿ ನಡೆಸಿದ, ‘ನೈಸ್ ಶುಗರ್’ ಎಂಬ ಮುದ್ದಾದ ಹೆಸರಿನ, ಆರು ಸಾವಿರಕ್ಕೂ ಮಿಕ್ಕ ನಾನಾ ಬಗೆಯ ರೋಗಿಗಳ ಪರೀಕ್ಷೆಯಲ್ಲಿ ಫಲ ತಿರುಗುಮುರುಗಾಯಿತು: ಬಿಗಿಹಿಡಿದವರಲ್ಲಿ ಸತ್ತವರು ನೂರಕ್ಕೆ 27.5, 180ರವರೆಗೆ ಸಡಿಲ ಬಿಟ್ಟವರಲ್ಲಿ 24.9. ಸಕ್ಕರೆ ಅಪಾಯಕರವಾಗಿ ಕುಸಿದದ್ದು ಬಿಗಿಹಿಡಿದ ಪಾಲಿನಲ್ಲಿ ನೂರಕ್ಕೆ 6.8, ಸಡಿಲ ಬಿಟ್ಟದ್ದರಲ್ಲಿ 0.5. ಎಚ್ಚರವಿದ್ದವನು ಬೆವರುತ್ತಾನೆ, ನಡುಗುತ್ತಾನೆ, ಹಸಿವೆಂದು ಕೂಗುತ್ತಾನೆ. ಕೊಳವೆಯಲ್ಲಿ ಉಸಿರಾಡುತ್ತ ನಿದ್ರೆಯ ಮದ್ದಿನಲ್ಲಿ ಮಲಗಿದವನು ಯಾರನ್ನು ಕೂಗಿಯಾನು? ಲ್ಯೂವೆನ್ನಿನಲ್ಲಿ ಧಮನಿಯ ರಕ್ತವನ್ನು ನಿಖರವಾದ ಯಂತ್ರದಲ್ಲಿ ಅಳೆಯುತ್ತಿದ್ದರು, ರೋಗಿಗಳಿಗೆ ಮೊದಲ ದಿನದಿಂದಲೇ ರಕ್ತನಾಳದ ಮೂಲಕ ಗ್ಲೂಕೋಸನ್ನೂ ಹೇರಳವಾಗಿ ಕೊಡುತ್ತಿದ್ದರು ಎಂಬ ವ್ಯತ್ಯಾಸಗಳನ್ನು ಹಿಡಿದು ವಾದ ವರ್ಷಗಟ್ಟಲೆ ನಡೆಯಿತು. ಕಡೆಗೆ 2023ರಲ್ಲಿ, ನಮ್ಮ ಬೇಲೂರು ಹಳೇಬೀಡುಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದ ವರ್ಷದಲ್ಲೇ, ಅದೇ ಲ್ಯೂವೆನ್ನಿನ ತಂಡ, ಅದೇ ವಾನ್ ಡೆನ್ ಬೆರ್ಘೆ, 9,230 ರೋಗಿಗಳ ಮೇಲೆ ಮತ್ತೆ ಪರೀಕ್ಷಿಸಿ, ರಕ್ತನಾಳದ ಮೂಲಕದ ಆ ಪೋಷಣೆಯನ್ನು ಮೊದಲಿಗೇ ಕೊಡದಿದ್ದಲ್ಲಿ ಬಿಗಿಹಿಡಿತದಿಂದ ಸಾವೂ ತಗ್ಗದು, ಐಸಿಯುವಾಸವೂ ತಗ್ಗದು ಎಂದು ತಾವೇ ಬರೆದರು. ತಾನು ಕಡೆದ ವಿಗ್ರಹದ ಮೇಲೆ ತಾನೇ ಉಳಿಯಿಟ್ಟು ಪರೀಕ್ಷಿಸಿದ ಇಂಥ ಶಿಲ್ಪಿಗೆ ಹೊಯ್ಸಳರ ರೂವಾರಿಗಳ ಸಾಲಿನಲ್ಲಿಯೂ ಒಂದು ಮಣೆ ಹಾಕಬಹುದು.

ಹೀಗೆ ಹೃದಯದ ಶಸ್ತ್ರಕ್ರಿಯೆಯ ಅನಂತರದ ಗಡಿ 180ಕ್ಕೆ ಬಂದು ನೆಲೆಸಿತು. ಇಲ್ಲಿ ನನಗೊಂದು ವಿನೋದ ಕಂಡಿತು. ರಕ್ತದ ಸಕ್ಕರೆ ಏರುತ್ತ ಹೋಗಿ, ಮೂತ್ರಪಿಂಡಗಳು ಇನ್ನು ತಡೆಯಲಾರೆವೆಂದು ಅದನ್ನು ಮೂತ್ರಕ್ಕೆ ಬಿಟ್ಟುಕೊಡುವ ಮಟ್ಟ, ಮನುಷ್ಯನಿಂದ ಮನುಷ್ಯನಿಗೆ ಕೊಂಚ ಹೆಚ್ಚುಕಡಿಮೆಯಾದರೂ, ಸುಮಾರು 180. ಎಂದರೆ ಕಾಂಪೌಂಡರ ನಳಿಕೆಯಲ್ಲಿ ನೀಲಿ ಕೆಡದೆ ನಿಂತದ್ದೆಲ್ಲ ಬಹುಮಟ್ಟಿಗೆ ‘180ರ ಒಳಗೆ’! ಇದು ಕೇವಲ ಕಾಕತಾಳೀಯ. ಪರೀಕ್ಷೆಗಳ ದಾರಿ ಬೇರೆ, ಮೂತ್ರಪಿಂಡದ ದಾರಿ ಬೇರೆ. ಆದರೂ ಆ ಔಷಧಾಲಯವಿದ್ದ ಜಾಗದಲ್ಲಿ ಈಗ ಮೊಬೈಲ್ ಅಂಗಡಿಯಿರುವುದನ್ನು ನೋಡಿದಾಗ ಮನಸ್ಸು ಮುದುಡುತ್ತದೆ.

ಮುದುಡುವುದು ದೀಪಕ್ಕಾಗಿ ಅಲ್ಲ, ಕೇಳಲಿಕ್ಕೆ ಒಬ್ಬರಿದ್ದರಲ್ಲ ಎಂಬುದಕ್ಕಾಗಿ. 2003ರಲ್ಲಿ ಯಶಸ್ವಿನಿ ಯೋಜನೆ ಜಾರಿಗೆ ಬಂದು, ಸಹಕಾರ ಸಂಘದ ರೈತನು ವರ್ಷಕ್ಕೆ 60 ರೂಪಾಯಿ ಕಟ್ಟಿ ಹೃದಯದ ಶಸ್ತ್ರಕ್ರಿಯೆಯನ್ನೂ ಪಡೆಯುವಂತಾದದ್ದು ಸಣ್ಣ ಸಾಧನೆಯಲ್ಲ. ಆದರೆ ಐಸಿಯುವಿನಲ್ಲಿ ಐವತ್ತು ಮಿಲಿಲೀಟರಿನಲ್ಲಿ ಐವತ್ತು ಯೂನಿಟ್ ಬೆರೆಸಿ ಪಂಪಿನಿಂದ ತೊಟ್ಟಿಕ್ಕಿಸುತ್ತ, ಇನ್ಸುಲಿನ್ನಿನ ಜೊತೆಗೆ ಪೊಟ್ಯಾಸಿಯಂ ಇಳಿದು ಹೃದಯದ ತಾಳ ತಪ್ಪದಿರಲೆಂದು ಅದನ್ನೂ ಅಳೆಯುತ್ತ, ಪಂಪು ನಿಲ್ಲಿಸುವುದಕ್ಕೆ ಒಂದೆರಡು ಗಂಟೆ ಮೊದಲೇ ಚರ್ಮದಡಿಯ ಸೂಜಿ ಹಾಕುವಷ್ಟು ಜಾಗರೂಕವಾಗಿದ್ದ ವ್ಯವಸ್ಥೆ, ಊರಿಗೆ ಕಳಿಸುವಾಗ ಕೈಗಿತ್ತದ್ದು ಇಂಗ್ಲಿಷಿನ ಎರಡು ಹಾಳೆ. ಯಾವ ಸೂಜಿ ಎಷ್ಟು ದಿನ, ಅಂಕಿ 70ಕ್ಕಿಂತ ಇಳಿದರೆ ಏನು ಮಾಡಬೇಕು ಎಂಬುದನ್ನು ಮಾವನಿಗೆ ಬಿಡಿಸಿ ಹೇಳಿದವಳು ಎದುರುಮನೆಯ, ನರ್ಸಿಂಗ್ ಓದುವ ಹುಡುಗಿ. “ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡೀರಿ ತಾತ, ಕಾಲುಗಂಟೆ ಬಿಟ್ಟು ಮತ್ತೆ ಚುಚ್ಚಿ ನೋಡಿ” ಎಂದಳಂತೆ.

ದಿನಗಳೆದಂತೆ ಯೂನಿಟ್ಟುಗಳು ಇಳಿದವು; ಆರನೆಯ ವಾರ ಡಾಕ್ಟರು ಸೂಜಿಯನ್ನು ಬಿಡಿಸಿದರು. ಗಾಯದ ಸಕ್ಕರೆಯೋ, ಬಹುಕಾಲದಿಂದ ಅಡಗಿದ್ದ ಕಾಯಿಲೆಯೋ ಎಂದು ತಿಳಿಯಲು ಮೂರು ತಿಂಗಳ ಸರಾಸರಿ ಹೇಳುವ ರಕ್ತಪರೀಕ್ಷೆಯಾಗಬೇಕು; ಶಸ್ತ್ರಕ್ರಿಯೆಯಲ್ಲಿ ಬೇರೆಯವರ ರಕ್ತ ಕೊಟ್ಟಿದ್ದರಿಂದ ಅದಕ್ಕೂ ಕಾಯಬೇಕೆಂದರಂತೆ. ನಾನು ಹೊರಡುವ ಬೆಳಿಗ್ಗೆ ಮಾವ ಅಟ್ಟದ ಕೆಳಗೆ ಕುಳಿತು ಬೆರಳು ಚುಚ್ಚಿಕೊಂಡರು. ಮೇಲೆ ವರ್ಷದ ಕಾಯಿ ಒಣಗುತ್ತಿತ್ತು. “ನೂರ ಮೂವತ್ತೆಂಟು!” ಎಂದು ಮಂಡಿಯಲ್ಲಿ ಧಾರಣೆ ಕೂಗುವ ದನಿಯಲ್ಲಿ ಕೂಗಿ, ಕೊಬ್ಬರಿ ಪುಸ್ತಕದ ಹಿಂದಿನ ಪುಟದಲ್ಲಿ ತಾರೀಖಿನ ಮುಂದೆ ಬರೆದುಕೊಂಡರು. ಬರೆದದ್ದು ನೀಲಿ ಶಾಯಿಯಲ್ಲಿ.